ಕಪ್ಪು ಟೇಪು ಸುತ್ತಿದ ಲಟ್ಟಣಿಗೆ

ಮಾನ್ಯ ಓದುಗರಲ್ಲಿ ವಿನಂತಿ. ಇದು ನನ್ನ ಮೊದಲ ಬರಹ. ಕನ್ನಡ ಬರೆದು ಬಹಳ ವರ್ಷಗಳಾದ ಕಾರಣ ಕಾಗುಣಿತವೂ ಕೈಬರಹವೂ ಕೆಟ್ಟಿವೆ. ಮೊದಲೇ ಕ್ಷಮೆ ಕೋರುತ್ತೇನೆ.

ನಿವೇದಿಸುವುದೇನೆಂದರೆ, ಕಳೆದ ವಾರ ಚಪಾತಿ ಲಟ್ಟಿಸುವಾಗ ಲಟ್ಟಣಿಗೆಯ ಹಿಡಿಗೆ ಸುತ್ತಿದ್ದ ಕಪ್ಪು ಟೇಪು ಬಿಚ್ಚಿಕೊಂಡಿತು. ಹಳೆಯ ಗೋಂದು ಮತ್ತು ರಬ್ಬರಿನ ವಾಸನೆ... ಅದನ್ನು ಸುತ್ತಿಕೊಟ್ಟವರು, ಈ ದೇಶಕ್ಕೆ ಬಂದ ಹೊಸದರಲ್ಲಿ ನಾವಿದ್ದ ಫೋರ್ಟ್ ಲೀ ಊರಿನಲ್ಲಿ ನಮ್ಮ ಎದುರುಮನೆಯ ಹಿರಿಯರು.

ಅದು ಎರಡು ಸಾವಿರದ ಇಸವಿಗೆ ಕಂಪ್ಯೂಟರುಗಳನ್ನು ಸಜ್ಜುಗೊಳಿಸುವ ವೈ ಟೂ ಕೆ ಕೆಲಸದ ಕಾಲ. ಪತಿ ಭಾನುವಾರವೂ ಆಫೀಸಿಗೆ ಹೋಗುತ್ತಿದ್ದರು. ನನ್ನದು ಡಿಪೆಂಡೆಂಟ್ ವೀಸಾ, ಕೆಲಸ ಮಾಡುವಂತಿರಲಿಲ್ಲ. ಹದಿನಾಲ್ಕನೆಯ ಮಹಡಿಯ ಕಿಟಕಿಯಿಂದ ಸೇತುವೆಯ ಮೇಲಿನ ಕಾರುಗಳನ್ನು ನೋಡುತ್ತ ದಿನ ಕಳೆಯುತ್ತಿದ್ದೆ.

ಸದರಿ ಹಿರಿಯರು ಒಂದು ಕಾಲದ ಹೆಸರಾಂತ ಐಸ್ ಹಾಕಿ, ಅಂದರೆ ಮಂಜುಗಡ್ಡೆಯ ಮೇಲಾಡುವ ಹಾಕಿಯ, ಗೋಲ್‌ಕೀಪರ್. ಕೆನಡಾದ ಗಣಿಯೂರಿನಿಂದ ಬಂದು ಹದಿನೇಳು ವರ್ಷ ಆಡಿದ್ದರು. ಅದರಲ್ಲಿ ಬಹುಪಾಲು ವರ್ಷ ಮುಖಕ್ಕೆ ಕವಚವಿಲ್ಲದೆ. ಹಣೆಯಿಂದ ಗದ್ದದವರೆಗೆ ಹೊಲಿಗೆಯ ಗುರುತುಗಳಿದ್ದವು. ಮಂಡಿಗಳು ಸವೆದು ವಾಕರ್ ಹಿಡಿದಿದ್ದರು. ಹೊರಡುವಾಗಲೆಲ್ಲ ಬಾಗಿಲಿನ ಚೌಕಟ್ಟನ್ನು ಎಡಕ್ಕೊಮ್ಮೆ, ಬಲಕ್ಕೊಮ್ಮೆ ತಟ್ಟುತ್ತಿದ್ದರು. ಏಕೆಂದು ಕೇಳಿದೆ.

"ಗೋಲಿನ ಮುಂದೆ ನಿಂತವನು ತಿರುಗಿ ನೋಡೋ ಹಾಗಿಲ್ಲ, ಕಿಡ್. ಕಂಬ ತಟ್ಟಿದರೆ ಎಲ್ಲಿದ್ದೀನಿ ಅಂತ ಗೊತ್ತಾಗುತ್ತೆ."

ಮಧ್ಯಾಹ್ನ ಅವರಿಗೆ ಎರಡು ಚಪಾತಿ ಕೊಡುತ್ತಿದ್ದೆ. ಆಟದ ರಬ್ಬರ್ ಬಿಲ್ಲೆ ಬಡಿದು ಅವರ ಹಲ್ಲುಗಳು ಹೋಗಿದ್ದವು. "ನಿನ್ನ ಬಿಲ್ಲೆಯೇ ವಾಸಿ, ಮೆತ್ತಗಿದೆ" ಎಂದು ನಗುತ್ತಿದ್ದರು.

ಒಮ್ಮೆ ಅವರ ಹಳೆಯ ತಂಡವು ಅವರ ಜೆರ್ಸಿಯನ್ನು ಕ್ರೀಡಾಂಗಣದ ಛಾವಣಿಗೇರಿಸಿ ಗೌರವಿಸಲು ಆಹ್ವಾನಿಸಿತು. ಜೊತೆಗೆ ಒಬ್ಬರು ಬರಬಹುದಿತ್ತು. ಹಾಗೆ ಬರುವವರು ತಂಡ ಕಳಿಸಿದ ಅರ್ಜಿಯಲ್ಲಿ 'ಸಹಾಯಕರು' ಎಂಬಲ್ಲಿ ಸಹಿ ಹಾಕಬೇಕಿತ್ತು. ಅವರ ಪತ್ನಿ ತೀರಿಹೋಗಿದ್ದರು, ಮಕ್ಕಳಿರಲಿಲ್ಲ.

"ಪಕ್ಕದಲ್ಲಿ ನಿಂತರೆ ಸಾಕು. ಬೀಳೋದು ನನಗೆ ಅಭ್ಯಾಸ. ಒಬ್ಬನೇ ನಿಲ್ಲೋದೇ ಸಾಕಾಗಿದೆ" ಎಂದರು. ಸಂತೋಷದಿಂದ ಒಪ್ಪಿದೆ.

ಪತಿ ಅರ್ಜಿ ನೋಡಿ ಗಾಬರಿಯಾದರು. "ಏ, ಸಹಿ ಮಾಡಬ್ಯಾಡ! ಸಹಾಯಕಿ ಅಂದ್ರ ಕೆಲಸ ಮಾಡಿದಂಗ ಆತು. ಟೀವ್ಯಾಗ ಬ್ಯಾರೆ ತೋರಸ್ತಾರ. ಗ್ರೀನ್ ಕಾರ್ಡಿಗೆ ಅಡ್ಡ ಬಂದ್ರ?"

"ಬರೇ ಬಾಜೂಕ ನಿಲ್ಲೂದರೀ."

"ಅದನ್ನ ಇಮಿಗ್ರೇಶನ್ನಿನವರ ಮುಂದ ಹೇಳತೀಯೇನು?"

ನನಗೂ ಭಯವಾಯಿತು. ಶಾಲೆಯಲ್ಲಿ ಕಲಿತ ರಜಾ ಅರ್ಜಿಯ ರೀತಿಯಲ್ಲಿ, ಬರಲಾಗದೆಂದು ವಿಷಾದಿಸಿ ಪತ್ರ ಬರೆದು ಅವರ ಬಾಗಿಲಿನ ಕೆಳಗೆ ತೂರಿಸಿದೆ.

ಸಮಾರಂಭ ನಡೆದ ಭಾನುವಾರ ಮಧ್ಯಾಹ್ನ ಅದನ್ನು ಟೀವಿಯಲ್ಲಿ ನೋಡಿದೆ. ಮಂಜುಗಡ್ಡೆಯ ಮೇಲೆ ಹಾಸಿದ ರತ್ನಗಂಬಳಿಯಲ್ಲಿ ಅವರು ವಾಕರ್ ತಳ್ಳಿಕೊಂಡು ಒಬ್ಬರೇ ಬಂದರು. ಗೋಲಿನ ಎಡಗಂಬ ತಟ್ಟಿದರು, ಬಲಗಂಬ ತಟ್ಟಿದರು. ಜನರೆಲ್ಲ ಎದ್ದು ನಿಂತಿದ್ದರು. ಜೆರ್ಸಿ ಏರುತ್ತಿದ್ದಾಗ ಅವರು ಮೇಲೆ ನೋಡಲಿಲ್ಲ. ಪಕ್ಕಕ್ಕೆ ತಿರುಗಿ ನೋಡಿದರು...

ಮರುದಿನ ಚಪಾತಿ ಕೊಡಲು ನನಗೆ ಮುಖವಿರಲಿಲ್ಲ. ಅವರೇ ಬಂದು, ತಮ್ಮ ಹಾಕಿ ಸ್ಟಿಕ್ಕಿಗೆ ಸುತ್ತುತ್ತಿದ್ದ ಟೇಪನ್ನು ಬಿರುಕು ಬಿಟ್ಟ ನನ್ನ ಲಟ್ಟಣಿಗೆಯ ಹಿಡಿಗೆ ಸುತ್ತಿದರು. "ಇನ್ನು ಕೈ ಜಾರಲ್ಲ" ಎಂದರು. ಪತ್ರದ ಮಾತೆತ್ತಲಿಲ್ಲ.

ಮುಂದೆ ನಾವು ಆ ಸೇತುವೆಯಾಚೆ, ಜೆರಿಕೋ ಎಂಬ ಊರಿಗೆ ಬಂದೆವು. ಅವರು ತೀರಿಕೊಂಡ ಸುದ್ದಿಯನ್ನು ಪತ್ರಿಕೆಯಲ್ಲಿ ಓದಿದೆ. ಈಗ ನಾನು ಈ ದೇಶದ ಪ್ರಜೆ. ಯಾವ ಅರ್ಜಿಗೂ ಅಂಜದೆ ಸಹಿ ಹಾಕಬಲ್ಲೆ. ಟೇಪನ್ನು ಮತ್ತೆ ಸುತ್ತಿ ನೋಡಿದೆ, ಅಂಟಲಿಲ್ಲ.

ಅಂದಿನ ಆ ಪತ್ರವನ್ನು ಮೂರು ಸಲ ತಿದ್ದಿದ್ದೆ. ಅದರಲ್ಲಿ ಒಂದಕ್ಷರವೂ ತಪ್ಪಿರಲಿಲ್ಲ. ಇದರಲ್ಲಿ ಅನೇಕ ಇರಬಹುದು. ಕಂಡಲ್ಲಿ ದಯಮಾಡಿ ತಿದ್ದಿಕೊಡಬೇಕಾಗಿ ಕೋರುತ್ತೇನೆ.