ಸುಮ್ಮನಿರುವವರ ಸಭೆಯಲ್ಲಿ ಬಿಸಿಬೇಳೆಬಾತ್

ತುಟಿ ಬಿಚ್ಚದೆ ಕೂತ ಹತ್ತಿಪ್ಪತ್ತು ಜನರ ನಡುವೆ ನಮ್ಮ ಹೊಟ್ಟೆಯೊಂದೇ ಗುರುಗುಟ್ಟಿದರೆ ಹೇಗಿರುತ್ತದೆಂಬುದು ನಿಮಗೆ ಗೊತ್ತಿಲ್ಲದಿದ್ದರೆ, ಸ್ನೇಹಿತರೇ, ನೀವು ಪುಣ್ಯವಂತರು. ಜಪಾನಿನ ಯೋಕೋಹಾಮಾದ ಪುಟ್ಟ ಕ್ವೇಕರ್ ಸಭೆಯಲ್ಲಿ ಭಾನುವಾರ ಬೆಳಗ್ಗೆ ನನ್ನ ಗತಿ ಅದು. ಕ್ರೈಸ್ತರಲ್ಲೇ ಇವರದೊಂದು ಬಗೆ: ಪಾದ್ರಿಯಿಲ್ಲ, ಹಾಡಿಲ್ಲ, ಸುಮ್ಮನೆ ಕೂರುವುದೇ ಪೂಜೆ. ಒಳಗಿನಿಂದ ಮಾತು ಬಂದರೆ ಎದ್ದು ಆಡಬಹುದು, ಬರದಿದ್ದರೆ ಬಲವಂತವಿಲ್ಲ. ಮಂಗಳಾರತಿಗೆ ಕಿವಿ ತೂತಾಗುವಂತೆ ಜಾಗಟೆ ಬಾರಿಸುವ ಮೈಸೂರಿನ ಕೇರಿಯಲ್ಲಿ ಬೆಳೆದ ನಾನು ಅಲ್ಲಿಗೆ ಹೋದದ್ದು ಪೂಜೆಗಲ್ಲ. ಪೂಜೆಯ ನಂತರ, ಬೀದಿಯಲ್ಲಿ ಮಲಗುವವರಿಗೆ ಗೇಟಿನ ಬಳಿ ಹಂಚುವ ಅನ್ನದುಂಡೆ ಕಟ್ಟಲು ಆಫೀಸಿನ ಹಯಾಶಿ ಸಾನ್, ಅಂದರೆ ಹಯಾಶಿಯವರು, ಕರೆದಿದ್ದರು.

ಚಳಿಯಲ್ಲಿ ತಣ್ಣಗಿನ ಅನ್ನದುಂಡೆ! ನೋಡಲಾರದೆ ಒಂದು ದಿನ ಸಭೆಯಲ್ಲಿ ಎದ್ದು ನಿಂತು, "ನಾನು ಬಿಸಿಬೇಳೆಬಾತ್ ಮಾಡಿ ತರುತ್ತೇನೆ, ಗೇಟಿನಲ್ಲೇ ಬಡಿಸೋಣ" ಎಂದೆ. ಎಲ್ಲರೂ ಹಿಗ್ಗಿ ತಲೆಯಾಡಿಸಿದರು, ಮೊರಿತಾ ಸಾನ್ ಎಂಬ ವೃದ್ಧರೊಬ್ಬರನ್ನು ಬಿಟ್ಟು. "ಸುಮಿಮಾಸೆನ್, ಕ್ಷಮಿಸಿ, ನನ್ನ ಮನಸ್ಸಿಗೆ ಇನ್ನೂ ಸಮಾಧಾನವಿಲ್ಲ" ಎಂದರು. ಯಾಕೆಂದು ಅವರಿಗೂ ಇನ್ನೂ ತಿಳಿದಿರಲಿಲ್ಲವಂತೆ! ಇಲ್ಲಿ ಕೈ ಎತ್ತಿಸಿ ಬಹುಮತದಲ್ಲಿ ಮುಗಿಸುವ ಪದ್ಧತಿಯೇ ಇಲ್ಲ. ಒಬ್ಬರ ಮನಸ್ಸು ಕಸಿವಿಸಿಗೊಂಡರೂ ಉಳಿದವರೆಲ್ಲ ಕಾಯಬೇಕು.

ಕಾದೆವು. ಪ್ರತಿ ಸಭೆಯಲ್ಲೂ ಅದೇ ಮಾತು, ಅದೇ ಮೌನ, ಅದೇ ಮುಂದೂಡಿಕೆ. "ಬಿಡೇ ಮಾರಾಯ್ತಿ, ನಮ್ ಕ್ಲೈಂಟ್ ಅಪ್ರೂವಲ್ಲೇ ಇದಕ್ಕಿಂತ ಬೇಗ ಬರುತ್ತೆ" ಎಂದು ಗಂಡ ನಕ್ಕಾಗ ನನಗೆ ಮೈಯೆಲ್ಲ ಉರಿಯಿತು. ಗೇಟಿನಾಚೆ ನೀಲಿ ಟೋಪಿಯ ಒಬ್ಬ ಮನುಷ್ಯ ಅಂಗೈಗೆ ಬಾಯಿಂದ ಬಿಸಿಯೂದಿಕೊಂಡು ಸಾಲಿನಲ್ಲಿ ನಿಂತಿರುತ್ತಿದ್ದ. ಅವನ ಹಸಿವಿಗಿಂತ ಮೊರಿತಾ ಸಾನರ ಸಮಾಧಾನ ದೊಡ್ಡದಾಯಿತೇ ಎಂದು ಒಳಗೊಳಗೇ ಕುದಿದೆ. ನಮ್ಮ ಕಡೆಯ ದೇವಸ್ಥಾನದ ಸಮಿತಿಯಲ್ಲಾದರೆ ಜೋರು ಗಂಟಲಿನವರು ಗದರಿ, ಮಿಕ್ಕವರು ಗೊಣಗಿ, ಸಂಜೆಯೊಳಗೆ ಒಲೆ ಹೊತ್ತಿರುತ್ತಿತ್ತು.

ಚಳಿ ಇನ್ನೇನು ಕಳೆಯಿತು ಎನ್ನುವಾಗ ಮೊರಿತಾ ಸಾನ್ ಎದ್ದರು. "ನಾವು ಗೇಟಿನ ಒಳಗೆ, ಅವರು ಹೊರಗೆ. ಚುಚ್ಚುತ್ತಿದ್ದದ್ದು ಅದು. ಅವರನ್ನು ಒಳಗೆ ಕರೆದು ಒಟ್ಟಿಗೆ ಕೂತು ಉಣ್ಣೋಣ." ಇಷ್ಟಕ್ಕೆ ಇಡೀ ಚಳಿಗಾಲವೇ! ಸಿಟ್ಟಿನಲ್ಲೇ ಒಪ್ಪಿದೆ. ಆದರೆ ಆ ಮಾತು ನನ್ನನ್ನು ಬಿಡಲಿಲ್ಲ. ಎಷ್ಟೋ ಅನ್ನಸಂತರ್ಪಣೆಗಳಲ್ಲಿ ಸೊಂಟ ಬೀಳುವಷ್ಟು ಬಡಿಸಿದ್ದೇನೆ. ಬಡಿಸಿಕೊಂಡವರ ಪಕ್ಕದಲ್ಲಿ ಕೂತು ಉಂಡ ನೆನಪಿಲ್ಲ. ಯಾರಿಗೆ ಯಾವ ಪಂಕ್ತಿ ಎಂಬುದು ನಾನು ಹುಟ್ಟುವ ಮೊದಲೇ ತೀರ್ಮಾನವಾಗಿತ್ತು, ಅದೂ ಯಾರ ಸಮಾಧಾನಕ್ಕೂ ಕಾಯದೆ.

ಮೊದಲ ಊಟದ ದಿನ ಸೆರಗು ಸಿಕ್ಕಿಸಿಕೊಂಡು, ತುಪ್ಪ ಸುರಿದು, ಎಲ್ಲರಿಗೂ ಬಡಿಸಿದೆ. ನೀಲಿ ಟೋಪಿಯವನು ತನ್ನ ಪಕ್ಕದ ಕುರ್ಚಿ ಎಳೆದು, "ನೀವೂ ಕೂತುಕೊಳ್ಳಿ" ಎಂದ. "ನೀವು ಶುರುಮಾಡಿ, ನನ್ನದು ಆಮೇಲೆ" ಎಂದೆ. ಆತ ಚಮಚವನ್ನು ಕೆಳಗಿಟ್ಟ. ಅವನನ್ನು ನೋಡಿ ಎದುರಿನವರು ಇಟ್ಟರು, ಹಯಾಶಿ ಸಾನ್ ಇಟ್ಟರು, ಮೊರಿತಾ ಸಾನಂತೂ ಕಣ್ಣು ಮುಚ್ಚಿ ಕೈಕಟ್ಟಿಯೇ ಬಿಟ್ಟರು. ಇಡೀ ಕೋಣೆ ಸದ್ದಿಲ್ಲದೆ ನನ್ನೊಬ್ಬಳಿಗಾಗಿ ಕಾಯತೊಡಗಿತು. ಈ ಜನಕ್ಕೆ ಕಾಯುವುದು ಬಿಟ್ಟು ಬೇರೇನೂ ಬರುವುದಿಲ್ಲವೇ! ಸೌಟನ್ನು ಪಾತ್ರೆಯೊಳಕ್ಕೆ ಬಿಟ್ಟು, ಅವನ ಪಕ್ಕದಲ್ಲಿ ಕೂತೆ. ಇನ್ನೇನು ಮಾಡಲಿ, ಬಾತ್ ಆರುತ್ತಿತ್ತು.