ಕಲ್ಲಿಗೆ ನೀರು ಹಾಕಿದ ರಾತ್ರಿ

ಕಳೆದ ವರ್ಷ ನವೆಂಬರ್ ತಿಂಗಳ ಎರಡನೇ ಶನಿವಾರ ರಾತ್ರಿ, ರಾಜಾನುಕುಂಟೆಯಿಂದ ಮೂರ್ನಾಲ್ಕು ಕಿಲೋಮೀಟರ್ ಒಳಗಿರುವ ಒಂದು ಊರಿನಲ್ಲಿ, ಮುನಿರಾಜು ಎಂಬುವವರ ಕೊಟ್ಟಿಗೆಯಿಂದ ಕಾಯಿಲೆ ಬಿದ್ದ ಹಸುವೊಂದು ಕಾಣೆಯಾಯಿತು. ಆ ಹೊತ್ತಿನಲ್ಲಿ ನಾನು ಕೊಟ್ಟಿಗೆಯಿಂದ ಐವತ್ತು ಹೆಜ್ಜೆ ದೂರದಲ್ಲಿದ್ದೆ.

ಹದಿನೆಂಟು ವರ್ಷ ಪತ್ರಿಕೆಯ ಡೆಸ್ಕಿನಲ್ಲಿ ಕೂತು ಬೇರೆಯವರ ವರದಿಗಳಿಂದ ‘ಎನ್ನಲಾಗಿದೆ’ಗಳನ್ನು ಹೊಡೆದುಹಾಕಿದವಳು ನಾನು. ಇಲ್ಲಿ ಅಂಥದ್ದೊಂದೂ ಇಲ್ಲ. ಕಂಡದ್ದು, ಕೇಳಿದ್ದು, ಅಲ್ಲೇ ಸಮಯ ಹಾಕಿ ಬರೆದುಕೊಂಡದ್ದು... ಅಷ್ಟೇ.

ರಜೆಯ ದಿನಗಳಲ್ಲಿ ನಾನು ಮತ್ತು ಇಮ್ತಿಯಾಜ್ ಹಳೇ ಕಲ್ಲುಗಳ ಫೋಟೋ ತೆಗೆಯುತ್ತೇವೆ. ಅವನಿಗೆ ಗಂಗಾನಗರದಲ್ಲಿ ಸ್ಟುಡಿಯೋ ಇದೆ. ಮದುವೆ ಫೋಟೋ ಅವನ ಕೆಲಸ, ಕಲ್ಲು ಅವನ ಹುಚ್ಚು. ಹೆಬ್ಬಾಳದಿಂದ ಬಾಗಲೂರಿನವರೆಗೆ ಚರಂಡಿ ಪಕ್ಕ, ಟ್ರಾನ್ಸ್‌ಫಾರ್ಮರ್ ಹಿಂದೆ, ಅಪಾರ್ಟ್‌ಮೆಂಟ್ ಕಾಂಪೌಂಡಿನೊಳಗೆ ವೀರಗಲ್ಲು, ಶಾಸನ ಹುಡುಕಿದ್ದೇವೆ. ನಮಗೆ ಸಿಕ್ಕಿದ್ದಕ್ಕಿಂತ, ನಾವು ಹೋಗುವಷ್ಟರಲ್ಲಿ ಇಲ್ಲವಾಗಿದ್ದೇ ಹೆಚ್ಚು.

ಈ ಕೆಲಸ ರಾತ್ರಿಯೇ ಆಗಬೇಕು. ಸವೆದ ಅಕ್ಷರ ಹಗಲಲ್ಲಿ ಕಾಣುವುದಿಲ್ಲ. ಕತ್ತಲಲ್ಲಿ ಕಲ್ಲಿನ ಪಕ್ಕದಿಂದ ಓರೆಯಾಗಿ ಟಾರ್ಚ್ ಹಿಡಿದರೆ ಗೀರುಗಳಲ್ಲಿ ನೆರಳು ತುಂಬಿ ಅಕ್ಷರ ಎದ್ದು ಬರುತ್ತದೆ. ಮೊದಲು ನೀರು ಸುರಿದು ತೊಳೆದು ಒದ್ದೆ ಕಲ್ಲಿನ ಫೋಟೋ, ಆಮೇಲೆ ಬಟ್ಟೆಯಲ್ಲಿ ಒರೆಸಿ ಒಣ ಕಲ್ಲಿನ ಫೋಟೋ. ಎಲ್ಲ ಕಡೆಯೂ ಇದೇ ಕ್ರಮ.

ಆ ಶನಿವಾರ ಮಧ್ಯಾಹ್ನ ಮುನಿರಾಜು ಫೋನ್ ಮಾಡಿದರು.

“ಮೇಡಂ, ನಮ್ ಜಮೀನಲ್ಲಿರೋ ಯಂತ್ರದ ಕಲ್ಲು ನೋಡ್ಬೇಕು ಅಂತಿದ್ರಲ್ಲ, ಇವತ್ತೇ ಬಂದ್ಬಿಡಿ. ನಾಳೆ ಏಳಕ್ಕೆಲ್ಲಾ ಜೆಸಿಬಿ ಬರುತ್ತೆ.”

ಜಮೀನನ್ನು ಅವರು ಲೇಔಟಿಗೆ ಕೊಟ್ಟಿದ್ದರು. ಮನೆ, ಕೊಟ್ಟಿಗೆ ಮಾತ್ರ ಉಳಿದಿದ್ದವು. ಯಂತ್ರದ ಕಲ್ಲು ಎಂದರೆ ಚೌಕ ಚೌಕ ಗೆರೆ ಕೊರೆದು, ಒಂದೊಂದು ಚೌಕದಲ್ಲೂ ಒಂದೊಂದು ಅಕ್ಷರ ಕೆತ್ತಿ ನಿಲ್ಲಿಸಿದ ಚಪ್ಪಡಿ. ಊರಿನ ದನಗಳಿಗೆ ರೋಗ ಬಂದರೆ ಅದರ ಮೇಲೆ ನೀರು ಸುರಿದು, ಆ ನೀರು ತುಳಿಸಿಕೊಂಡು ಇಡೀ ಮಂದೆಯನ್ನು ದಾಟಿಸುತ್ತಿದ್ದರು. ಇದು ನನಗೆ ಗೊತ್ತಿತ್ತು. ನಮ್ಮ ಪಟ್ಟಿಯಲ್ಲಿ ‘ಈಗಿನ ಬಳಕೆ’ ಎಂಬ ಕಾಲಂನಲ್ಲಿ ನಾನೇ ಬರೆದಿದ್ದೆ: ನಿಂತುಹೋಗಿದೆ.

ನಾವು ತಲುಪಿದಾಗ ಹತ್ತೂವರೆ. ಕೊಟ್ಟಿಗೆಯಲ್ಲಿ ಮುನಿರಾಜು ತಾಯಿ ಅಕ್ಕಯ್ಯಮ್ಮ ಹಸುವಿನ ಪಕ್ಕ ಕೂತಿದ್ದರು. ಹಸುವಿನ ಹೆಸರು ಕೆಂಪಿ. ಚರ್ಮಗಂಟು ರೋಗ. ಮೈತುಂಬ ನಿಂಬೆಗಾತ್ರದ ಗಂಟು. ನಾಲ್ಕು ದಿನದಿಂದ ಮಲಗಿದ್ದು ಎದ್ದಿರಲಿಲ್ಲ. ಜಮೀನು ಹೋದಂತೆ ಉಳಿದವರೆಲ್ಲ ದನ ಮಾರಿದ್ದರು. ಆ ಊರಿನಲ್ಲಿ ಉಳಿದದ್ದು ಅದೊಂದೇ ಹಸು.

“ಸಂಜೆ ಡಾಕ್ಟ್ರು ಬಂದಿದ್ರು. ಜ್ವರ ಇಳ್ದಿದೆಯಂತೆ. ಬೆಳಗ್ಗೆವರೆಗೂ ತಡ್ಕೊಂಡ್ರೆ ಉಳ್ಕೊಳ್ಳುತ್ತೆ ಅಂದ್ರು,” ಎಂದರು ಮುನಿರಾಜು.

“ಎಲ್ಡ್ ತುತ್ತು ಬೂಸ ತಿಂದ್ಳು ಕಣವ್ವ. ಉಳ್ಕತಾಳೆ,” ಎಂದರು ಅಕ್ಕಯ್ಯಮ್ಮ. ಅವರ ಕೈ ಹಸುವಿನ ಬೆನ್ನಿನ ಮೇಲಿತ್ತು.

“ನಂಗೆ ಜ್ವರ ಬಂದಾಗ ಹಿಂಗೆ ಕೂತಿರ್ಲಿಲ್ಲ ನೋಡಿ ಮೇಡಂ.”

“ನೀನೇನ್ ಆಲ್ ಕೊಡ್ತಿದ್ದಾ? ಓಗು, ಮಲಕ್ಕೋ ಓಗು.”

ಎಲ್ಲರೂ ನಕ್ಕೆವು. ಆ ರಾತ್ರಿ ನಕ್ಕಿದ್ದು ಅದೊಂದೇ ಸಲ.

ನಮಗೆ ಕತ್ತಲು ಬೇಕಾಗಿತ್ತು. ಮುನಿರಾಜು ಅಂಗಳದ ಲೈಟು ಆರಿಸಿ, ನಮ್ಮನ್ನು ಹೊರಗೆ ಬಿಟ್ಟು ಗೇಟಿಗೆ ಬೀಗ ಹಾಕಿ ಮಲಗಲು ಹೋದರು. ಒಳಗಿನ ಬಲ್ಬಿನ ಬೆಳಕು ಹೊರಗೆ ಬೀಳದಂತೆ ಅಕ್ಕಯ್ಯಮ್ಮ ಕೊಟ್ಟಿಗೆಯ ಬಾಗಿಲಿಗೆ ಗೋಣಿಚೀಲ ಇಳಿಬಿಟ್ಟರು. ನಾವು ಏನು ಮಾಡುತ್ತಿದ್ದೇವೆಂದು ಅವರಿಗೆ ಕಾಣುವಂತಿರಲಿಲ್ಲ. ನಾವೂ ಹೇಳಿರಲಿಲ್ಲ.

ಕಲ್ಲಿನ ಸುತ್ತ ಬೆಳೆದ ಪೊದೆ ಕಡಿದು, ಕ್ಯಾಮೆರಾ ನಿಲ್ಲಿಸುವಷ್ಟರಲ್ಲಿ ಹನ್ನೆರಡೂ ಐವತ್ತು. ನಾನು ಕ್ಯಾನಿನಿಂದ ನೀರು ಸುರಿದೆ. ನೀರು ಕಲ್ಲಿನಿಂದಿಳಿದು, ಹಳೇ ಬಂಡಿದಾರಿಗೆ ಅಡ್ಡಲಾಗಿ ಹರಿಯಿತು.

ಇಮ್ತಿಯಾಜ್ ಟಾರ್ಚ್ ಓರೆ ಮಾಡಿದ. ಚೌಕಗಳು ಒಂದೊಂದಾಗಿ ಎದ್ದು ಬಂದವು.

“ಅಕ್ಕಾ, ಸುಡೋಕು ಇದ್ದಂಗಿದೆ,” ಎಂದ.

ಕಲ್ಲು ಒಣಗದಂತೆ ನಾನು ನೀರು ಸುರಿಯುತ್ತಲೇ ಇದ್ದೆ. ಆರೇಳು ಫೋಟೋ ಆಗಿತ್ತು. ಎಲ್ಲೋ ದೂರದಲ್ಲಿ ಗಂಟೆ... ದನದ ಕೊರಳ ಗಂಟೆ. ಒಂದಲ್ಲ.

“ಯಾರೋ ದನ ಹೊಡ್ಕೊಂಡ್ ಬರ್ತಿದಾರೆ,” ಎಂದ ಇಮ್ತಿಯಾಜ್.

“ಈ ಹೊತ್ತಲ್ಲಾ? ದನ ಎಲ್ಲಿವೆ ಇಲ್ಲಿ?”

ಒಂದು ಗಂಟೆ ಹತ್ತು ನಿಮಿಷ ಎಂದು ಬರೆದುಕೊಂಡೆ. ನಮ್ಮ ನೆತ್ತಿಯ ಮೇಲೆ ವಿಮಾನವೊಂದು ಇಳಿಯುತ್ತಾ ಹೋಯಿತು. ಅದರ ಸದ್ದು ಅಡಗಿದ ಮೇಲೆ ಗಂಟೆಗಳು ಹತ್ತಿರವಾಗಿದ್ದವು. ಗೊರಸಿನ ಸದ್ದೂ ಸೇರಿತ್ತು. ಅವಸರವಿಲ್ಲದ, ಸಂಜೆ ಮನೆಗೆ ಮರಳುವ ಮಂದೆಯ ಸದ್ದು.

ನವೆಂಬರ್ ಇಬ್ಬನಿಯಲ್ಲಿ ಗಂಟಲಿಗೆ ಧೂಳು ಹತ್ತಿತು. ಸಗಣಿ, ಗಂಜಲ, ಮೆಲುಕು ಹಾಕಿದ ಹುಲ್ಲಿನ ಬೆಚ್ಚಗಿನ ವಾಸನೆ.

ಇಮ್ತಿಯಾಜ್ ಟಾರ್ಚನ್ನು ದಾರಿಯ ಕಡೆ ತಿರುಗಿಸಿದ. ಖಾಲಿ ದಾರಿ. ಸೈಟಿನ ಗುರುತಿಗೆ ನೆಟ್ಟ ಕಲ್ಲುಗಳು. ಆಚೆ ಅಪಾರ್ಟ್‌ಮೆಂಟಿನ ಎರಡು ಮೂರು ಕಿಟಕಿಗಳಲ್ಲಿ ಬೆಳಕು. ಬೇರೇನೂ ಇಲ್ಲ.

“ಅಕ್ಕಾ, ಬೇಗ ಮುಗಿಸೋಣ,” ಎಂದ. ಅವನ ದನಿ ಇಳಿದಿತ್ತು.

ಮುಗಿಸುವುದೆಂದರೆ ನನಗೆ ಗೊತ್ತಿದ್ದ ಕ್ರಮ ಒಂದೇ. ಕ್ಯಾನ್ ಕೆಳಗಿಟ್ಟೆ. ಬಟ್ಟೆ ತೆಗೆದು ಕಲ್ಲನ್ನು ಮೇಲಿನಿಂದ ಕೆಳಗಿನವರೆಗೆ ಒರೆಸಿದೆ. ಬುಡದ ನೀರನ್ನೂ ಒರೆಸಿ ಹಿಂಡಿದೆ. ದಾರಿಗೆ ಹರಿಯುತ್ತಿದ್ದ ನೀರು ನಿಂತಿತು.

ಗೊರಸಿನ ಸದ್ದೂ ನಿಂತಿತು.

ನಮ್ಮಿಂದ ಐದಾರು ಅಡಿ ದೂರದಲ್ಲಿ.

ಉಸಿರಾಟ ಕೇಳುತ್ತಿತ್ತು. ಎಷ್ಟೋ ಮೂಗುಗಳ ಉಸಿರಾಟ. ಕ್ಯಾಮೆರಾದ ಲೆನ್ಸ್ ಮೇಲೆ ಮಂಜು ಕಟ್ಟಿತು. ಇಮ್ತಿಯಾಜ್ ಒರೆಸಿದ. ಮತ್ತೆ ಕಟ್ಟಿತು. ಅವನು ಕೈ ಹಿಂದಕ್ಕೆ ಎಳೆದುಕೊಂಡು ಪಿಸುಗುಟ್ಟಿದ: “ಬಿಸಿಯಾಗಿದೆ...”

ಆಗಲೇ ಕೊಟ್ಟಿಗೆಯ ಒಳಗಿನಿಂದ ಅಕ್ಕಯ್ಯಮ್ಮನ ದನಿ ಬಂತು. ಸಂತೋಷದ ದನಿ.

“ಕೆಂಪೀ! ಎದ್ಯಾ? ಎದ್ಯಾ ನನ್ ತಾಯಿ?”

ಒಂದು ಕ್ಷಣ ಬಿಟ್ಟು,

“ಏಯ್... ಎಲ್ಲಿಗೆ? ನಿಲ್ಲು... ಕೆಂಪೀ, ನಿಲ್ಲೇ...”

ಒಂದೇ ಹಸುವಿನ ಗೊರಸು, ಕಾಲೆಳೆಯುತ್ತಾ, ನಮ್ಮ ಕಡೆಗೆ ಬಂತು. ನನ್ನ ಎಡಗೈಗೆ ಏನೋ ಸವರಿಕೊಂಡು ಹೋಯಿತು. ಬೆಚ್ಚಗಿತ್ತು. ಅದರ ಮೇಲೆ ಗಂಟುಗಳಿದ್ದವು. ಟಾರ್ಚ್ ಅಲ್ಲೇ ಉರಿಯುತ್ತಿತ್ತು. ನನ್ನ ಕೈ ಬಿಟ್ಟರೆ ಅಲ್ಲಿ ಏನೂ ಇರಲಿಲ್ಲ.

ಗಂಟೆಗಳು ಒಟ್ಟಿಗೆ ಒಂದು ಸಲ ಅಲುಗಾಡಿದವು. ಆಮೇಲೆ ಯಾವ ಸದ್ದೂ ಇಲ್ಲ. ಒಂದು ಗಂಟೆ ಇಪ್ಪತ್ತಾರು ನಿಮಿಷ.

ನಾವು ಓಡಿದೆವು. ಮುನಿರಾಜು ಲೈಟು ಹಾಕಿ ಹೊರಗೆ ಬಂದು ಗೇಟಿನ ಬೀಗ ತೆಗೆದರು. ಹಗ್ಗ ಗೂಟದಲ್ಲೇ ಇತ್ತು. ಕೊರಳಿಗೆ ಕಟ್ಟಿದ ಕುಣಿಕೆ ಬಿಚ್ಚಿರಲಿಲ್ಲ, ಹರಿದಿರಲಿಲ್ಲ. ಉಂಗುರದಂತೆ ನೆಲದ ಮೇಲೆ ಬಿದ್ದಿತ್ತು. ಬಾಗಿಲ ಗೋಣಿಚೀಲ ಇಳಿಬಿಟ್ಟಂತೆಯೇ ಇತ್ತು. ಗೇಟಿನ ಬೀಗ, ಮುನಿರಾಜು ತೆಗೆಯುವವರೆಗೆ, ಹಾಕಿದಂತೆಯೇ ಇತ್ತು.

ಅಕ್ಕಯ್ಯಮ್ಮ ತಮ್ಮ ಕೈ ನೋಡಿಕೊಳ್ಳುತ್ತಿದ್ದರು. “ಬೆನ್ ಮ್ಯಾಲೇ ಇತ್ತು ಕೈ. ಇದ್ದಂಗೇ ಖಾಲಿಯಾಯ್ತು.”

ಆಮೇಲೆ ನನ್ನ ಕೈಯಲ್ಲಿದ್ದ ಒದ್ದೆ ಬಟ್ಟೆ ಕಂಡರು.

“ಕಲ್ಗೆ ನೀರ್ ಉಯ್ದ್ರಾ?”

“ತೊಳೆಯೋಕೆ ಅಂತ ಅಮ್ಮಾ. ಫೋಟೋಗೆ...”

“ಪೂರ್ತಿ ಉಯ್ದ್ರಾ?”

ಒರೆಸಿದೆವು ಎಂದೆ.

ಅವರು ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು.

“ಮಂದೆ ದಾಟೋಗಂಟ ನೀರ್ ನಿಲ್ಸಬಾರ್ದು ಕಣವ್ವ. ಸತ್ತೋದ್ ದನ ನೀರ್ಗೆ ಬಂದಿದ್ವು, ಅವ್ಗಳ್ ಪಾಡ್ಗೆ ದಾಟಿ ಓಗ್ಬುಡ್ತಿದ್ವು. ನೀವ್ ನಿಲ್ಸುದ್ರಿ. ಅವೂ ನಿಂತ್ವು. ಇವ್ಳು ಕೇಳುಸ್ಕಂಡ್ಳು.” ಗೂಟದ ಹತ್ತಿರ ಕೂತರು. “ಒಂಟಿ ಅಸ. ಮಂದೆ ಬಾಗ್ಲಲ್ಲಿ ಬಂದ್ ನಿಂತ್ರೆ ಓಗ್ದೆ ಇರ್ತದಾ?”

ಬೆಳಗಿನವರೆಗೆ ಹುಡುಕಿದೆವು. ಇಮ್ತಿಯಾಜ್ ಬೈಕಿನಲ್ಲಿ ರೈಲು ಹಳಿಯವರೆಗೂ, ಮುನಿರಾಜು ಒಣಗಿದ ಕೆರೆಯಂಗಳದವರೆಗೂ ಹೋಗಿ ಬಂದರು. ಊರಿಂದ ಹೊರಬೀಳುವ ಒಂದೇ ರಸ್ತೆಗೆ ಅಪಾರ್ಟ್‌ಮೆಂಟಿನ ಸಿಸಿಟಿವಿ ಇದೆ. ಒಂದರಿಂದ ಐದು ಗಂಟೆಯವರೆಗಿನ ದೃಶ್ಯ ನೋಡಿದೆವು. ಒಂದು ನಾಯಿ ಎರಡು ಸಲ ದಾಟಿತು. ಆಮೇಲೆ ಇಮ್ತಿಯಾಜ್‌ನ ಬೈಕು.

“ಯಾರೋ ಕದ್ದಿರ್ತಾರೆ ಮೇಡಂ,” ಎಂದರು ಮುನಿರಾಜು. ಮೂರು ಸಲ ಹೇಳಿದರು. ನಾಲ್ಕನೇ ಸಲ ಅರ್ಧಕ್ಕೇ ನಿಲ್ಲಿಸಿದರು.

ಬೆಳಕು ಹರಿದಾಗ ದಾರಿಯ ಕೆಸರು ನೋಡಿದೆವು. ಗೊರಸಿನ ಗುರುತುಗಳು. ದೊಡ್ಡವು, ಕರುಗಳವು, ಎಣಿಸಲಾಗದಷ್ಟು. ಎಲ್ಲವೂ ಕಲ್ಲಿನ ಕಡೆಗೆ ಮುಖ ಮಾಡಿದ್ದವು. ಒಂದೂ ಹಿಂದಿರುಗಿರಲಿಲ್ಲ. ಇಮ್ತಿಯಾಜ್ ಮೂರು ಫೋಟೋ ತೆಗೆದ. ಅವು ನನ್ನ ಬಳಿ ಇವೆ.

ಏಳಕ್ಕೆ ಜೆಸಿಬಿ ಬಂತು.

“ಇವತ್ತೊಂದಿನ ಬಿಟ್ಬಿಡಿ, ಗುರು,” ಎಂದು ಮುನಿರಾಜು ಕೇಳಿದರು.

“ನನ್ನ ಕೈಲೇನಿದೆ ಅಣ್ಣಾ? ಮೇಲಿಂದ ಹೇಳಿದಾರೆ,” ಎಂದ ಚಾಲಕ.

ಎತ್ತುವಾಗ ಕಲ್ಲು ಎರಡು ತುಂಡಾಯಿತು. ಚಕ್ರಗಳು ಕೆಸರಿನ ಮೇಲೆ ಹೋದವು.

ಪೊಲೀಸರಿಗೆ ದೂರು ಕೊಟ್ಟಾಯಿತು. ಹಸು ಸಿಕ್ಕಿಲ್ಲ. ಇಮ್ತಿಯಾಜ್ ಈಗ ಹಗಲಿನ ಕೆಲಸ ಮಾತ್ರ ಮಾಡುತ್ತಾನೆ. ನಾನು ಆಮೇಲೆ ಯಾವ ಕಲ್ಲಿಗೂ ನೀರು ಹಾಕಿಲ್ಲ. ನನ್ನ ಎಡಗೈಯನ್ನು ಎಷ್ಟು ತೊಳೆದರೂ ಕೆಲವು ಸಂಜೆ ಕೊಟ್ಟಿಗೆಯ ವಾಸನೆ ಬರುತ್ತದೆ. ಮನೆಯವರಿಗೂ ಬರುತ್ತದೆ. ಅಕ್ಕಯ್ಯಮ್ಮ ಇಂದಿಗೂ ಸಂಜೆಯಾದರೆ ಬಕೆಟ್ಟಿನಲ್ಲಿ ಕಲಗಚ್ಚು ಕಲಸಿಟ್ಟು ಗೂಟದ ಹತ್ತಿರ ಕೂರುತ್ತಾರೆ. ಬೆಳಗ್ಗೆ ಮುನಿರಾಜು ಅದನ್ನು ಚರಂಡಿಗೆ ಚೆಲ್ಲುತ್ತಾರೆ.

ಈ ವರ್ಷ ಮಾರ್ಚ್‌ನಲ್ಲಿ, ಕಲ್ಲು ಇದ್ದ ಜಾಗದಲ್ಲೇ ಲೇಔಟಿನವರು ನೀರಿನ ಸಂಪು ತೋಡಿಸಿದರು. ಎಂಟು ಅಡಿ ಆಳದಲ್ಲಿ, ಯಾರೂ ಅಗೆಯದ ಗಟ್ಟಿ ಕೆಂಪು ಮಣ್ಣಿನ ಹೆಂಟೆಯೊಂದನ್ನು ಒಡೆದಾಗ, ದನಗಳ ಕಿವಿಗೆ ಸರ್ಕಾರದಿಂದ ಹಾಕುವ ಹಳದಿ ಪ್ಲಾಸ್ಟಿಕ್ ಓಲೆ ಸಿಕ್ಕಿತು. ಪಶುವೈದ್ಯರು ಅದರ ಮೇಲಿನ ಅಂಕಿಗಳನ್ನು ತಮ್ಮ ದಾಖಲೆಯೊಂದಿಗೆ ಎರಡು ಸಲ ತಾಳೆ ನೋಡಿದರು. ಅದು ಕೆಂಪಿಯದು. ಮುನಿರಾಜು ಅದನ್ನು ತಾಯಿಗೆ ಇನ್ನೂ ತೋರಿಸಿಲ್ಲ.