ಭಾವುಬೀಜದ ಬಿಸಿನೀರು

ನನಗಿರುವ ರೋಗದ ಹೆಸರು ಮಲ್ಟಿಪಲ್ ಸ್ಕ್ಲೆರೋಸಿಸ್. ಹಳಿಯಾಳದ ನಮ್ಮ ಓಣಿಯಲ್ಲಿ ಅದರ ಹೆಸರು ಮೈಗಳ್ಳತನ. ಗಾಯವಿಲ್ಲ, ಜ್ವರವಿಲ್ಲ, ಮುಖ ತುಂಬಿಕೊಂಡಿದೆ. ಸುಸ್ತು ಎಂದರೆ ಯಾರು ನಂಬಬೇಕು? ನಾಲ್ಕು ರೊಟ್ಟಿ ಬಡಿದು ಕೂತರೆ ಮತ್ತೆ ಏಳಲಾಗುವುದಿಲ್ಲ. ಮೈ ಬಿಸಿಯಾದರಂತೂ ಕೈಕಾಲು ನನ್ನವೇ ಅಲ್ಲ. ಬಿಸಿನೀರಿನ ಜಳಕ ಬೇಡವೆಂದು ಡಾಕ್ಟರು ಹೇಳಿದ್ದನ್ನು ಮನೆಯಲ್ಲಿ ಎಲ್ಲರಿಗೂ ತಿಳಿಸಿದ್ದೆ. ಎಲ್ಲರೂ ತಲೆಯಾಡಿಸಿದ್ದರು.

ಈ ದೀಪಾವಳಿಗೆ ನನಗಿದ್ದ ಆಸೆ ಒಂದೇ. ಭಾವುಬೀಜದ ದಿನ ಇಲ್ಲೇ ಹತ್ತಿರದ ರಾಮನಗರದಿಂದ ಬರುವ ತಮ್ಮನಿಗೆ ಎದ್ದು ನಿಂತು ಆರತಿ ಬೆಳಗಬೇಕು, ನನ್ನ ಕೈಯಾರೆ ಬಡಿಸಬೇಕು. ಹೋದ ವರ್ಷ ಆಗಿರಲಿಲ್ಲ. ಅದಕ್ಕೆಂದೇ ವಾರವಿಡೀ ಗುಡಿಸುವುದು ಒಗೆಯುವುದು ಬಿಟ್ಟು, ಅಂದವರ ಮಾತು ಅನ್ನಿಸಿಕೊಂಡು ಬಿದ್ದುಕೊಂಡಿದ್ದೆ.

ಅಂದು ಬೆಳಿಗ್ಗೆ ಬಚ್ಚಲಿನ ಒಲೆ ಉರಿಯುತ್ತಿತ್ತು. ಅತ್ತೆ ಎಣ್ಣೆಯ ಬಟ್ಟಲು ಹಿಡಿದು ಬಂದರು.

"ತಮ್ಮ ಬರ್ತಾನ. ಎಣ್ಣಿ ಹಚ್ಚಿ ಎರೀತೇನಿ ಬಾ, ಮೈ ಹಗರ ಆಕ್ಕೈತಿ."

"ಬಿಸಿನೀರು ಬ್ಯಾಡ ಅಂದಾರಲ್ರೀ ಅತ್ತಿ."

"ಹಬ್ಬದ ದಿನ ತಣ್ಣೀರು ಹಾಕ್ಲೇನು? ನಾ ಏನ್ ನಿನ್ನ ವೈರಿ ಏನ?"

ವೈರಿಯಲ್ಲ, ಅದೇ ತೊಂದರೆ. ವೈರಿಯಾಗಿದ್ದರೆ ಜಗಳವಾಡಬಹುದಿತ್ತು. ಮಣೆಯ ಮೇಲೆ ಕೂತೆ. ಪ್ರೀತಿಯಿಂದಲೇ ಎರೆದರು, ತಂಬಿಗೆಯ ಮೇಲೆ ತಂಬಿಗೆ. ಕಣ್ಣು ಮಂಜಾಯಿತು, ಕಾಲು ಸೋತವು. ಅತ್ತೆಯ ಹೆಗಲಿಗೆ ಜೋತುಬಿದ್ದು ಹೇಗೋ ಮಂಚ ಸೇರಿದೆ.

ತಮ್ಮ ಬಂದದ್ದು ಕೇಳಿಸಿತು. ಚಪ್ಪಲಿ ಬಿಟ್ಟದ್ದು, ನೀರು ಕೇಳಿದ್ದು, ಎಲ್ಲ ಕೇಳಿಸಿತು. ರೆಪ್ಪೆ ಎತ್ತಲಾಗಲಿಲ್ಲ, ನಾಲಿಗೆ ಹೊರಳಲಿಲ್ಲ.

"ಎಬ್ಬಿಸಬ್ಯಾಡಪಾ," ಅತ್ತೆ ಬಾಗಿಲಲ್ಲಿ ಪಿಸುಗುಟ್ಟಿದರು. "ಈಗ ಎರದೇನಿ. ಹೆಂಗ ನಿದ್ದಿ ಹತ್ತೇತಿ ನೋಡು."

ನನ್ನ ಬದಲಿಗೆ ನಾದಿನಿ ಆರತಿ ಬೆಳಗಿದಳು. ತಮ್ಮ ಉಂಡ, ತಂದಿದ್ದ ಸೀರೆಯನ್ನು ನನ್ನ ತಲೆದಿಂಬಿನ ಹತ್ತಿರ ಇಟ್ಟ, ಬಸ್ಸಿನ ಹೊತ್ತಾಯಿತೆಂದು ಹೊರಟ. ಸಿಟ್ಟಿಗೆ ಅಳು ಬಂತು. ಅಳಲಿಕ್ಕೂ ಮೈ ಒಪ್ಪಲಿಲ್ಲ.

ಸಂಜೆ ಅವನ ಫೋನು ಬಂದಾಗ ಎದ್ದು ಕೂತಿದ್ದೆ.

"ಅಕ್ಕಾ, ನೀ ಇಷ್ಟ ಆರಾಮ ಮಲಗಿದ್ದು ನಾ ನೋಡೇ ಇರಲಿಲ್ಲ. ಜೀವಕ್ಕ ಸಮಾಧಾನ ಆತು."

ಅತ್ತೆ ಪಕ್ಕದಲ್ಲೇ ನಿಂತು ಕೇಳಿಸಿಕೊಳ್ಳುತ್ತಿದ್ದರು, ಮುಖ ಅರಳಿತ್ತು. ಅದು ನಿದ್ದೆಯಲ್ಲ ಎನ್ನಬೇಕೆಂದರೆ ರೋಗದ ಹೆಸರಿನಿಂದ ಮತ್ತೆ ಶುರುಮಾಡಬೇಕು. ಅಷ್ಟು ದಮ್ಮು ನನ್ನಲ್ಲಿ ಉಳಿದಿರಲಿಲ್ಲ. ಹೂಂ ಎಂದೆ.

"ಬರೂ ಶುಕ್ರವಾರನೂ ಎರೀತೇನಿ ಅಂತ ಹೇಳವ್ವಾ ಅವಗ," ಎಂದರು ಅತ್ತೆ.